ಗೋಲ್‌ಕೀಪರನ ಮೊದಲ ಆಷಾಢ

ಫೋನಿನಲ್ಲಿ ಆಡುವ ಫುಟ್‌ಬಾಲ್ ಲೀಗಿಗೆ ಅಧ್ಯಕ್ಷನಾದರೆ ನೆಮ್ಮದಿಯಾಗಿರಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮಲ್ಲಿ ವಾರಕ್ಕೊಂದು ರಾಮಾಯಣ ತಪ್ಪಿದ್ದಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಕೆಲವರು ಸೇರಿ ಒಬ್ಬೊಬ್ಬರು ಒಂದೊಂದು ತಂಡ ಕಟ್ಟಿದ್ದೇವೆ. ಆಟಗಾರರು ಯಾರೂ ನಿಜದವರಲ್ಲ, ಕಂಪ್ಯೂಟರ್ ಹುಟ್ಟಿಸಿದವರು. ಸಂಜೆ ಪಂದ್ಯ ಆಡಿಸುವುದೂ ಅದೇ. ನಾವು ನೋಡಿ ಕೂಗಾಡುತ್ತೇವೆ. ಆಟಗಾರರನ್ನು ಸಾಕುವುದು, ಮಾರುವುದು, ಕೊಳ್ಳುವುದು, ಬೇಕಾದರೆ ಒಂದು ತಿಂಗಳು ಎರವಲು ಕೊಡುವುದು ಮಾತ್ರ ನಮ್ಮ ಕೆಲಸ. ಈ ವ್ಯಾಪಾರ ನ್ಯಾಯವಾಗಿ ನಡೆಯುತ್ತದೋ ಇಲ್ಲವೋ ಅಂತ ನೋಡುವವನು ಅಧ್ಯಕ್ಷ. ಕೊಳ್ಳೇಗಾಲದಲ್ಲಿ ಸೀರೆ ಅಂಗಡಿ ಇಟ್ಟವನಿಗೆ ತಾಳ್ಮೆ ಜಾಸ್ತಿ ಅಂತ ನನ್ನನ್ನು ಆರಿಸಿದರು. ಇದ್ದಬದ್ದ ತಾಳ್ಮೆಯೂ ಹೋಯಿತು.

ಈ ಸಲ ಕಪ್ ನನ್ನದೇ ಅಂದುಕೊಂಡಿದ್ದೆ. ಕಾರಣ ನನ್ನ ಗೋಲ್‌ಕೀಪರ್. ಕಂಪ್ಯೂಟರ್ ಇಟ್ಟ ಹೆಸರು ಯಾರ ಬಾಯಿಗೂ ಬರದೆ ಅವನನ್ನು ಉದ್ದಣ್ಣ ಅನ್ನುತ್ತಿದ್ದೆವು. ಏನೂ ಬಾರದ ಹುಡುಗನನ್ನು ತಂದು, ತರಬೇತಿ ಕೊಡಿಸಿ ಆಳು ಮಾಡಿದ್ದು ನಾನು.

ಉಟ್ಟು ತಂದ ಸೀರೆ

ಹನೂರಿನ ಮೆಡಿಕಲ್ ಸ್ಟೋರ್‌ನವರು ನನ್ನ ಡಿಫೆಂಡರ್ ಒಬ್ಬನನ್ನು ಕೇಳಿದರು. "ಮೊದ್ಲು ಎರವ್ಲು ಕೊಡಿ ಸಾ, ನೋಡಿ ತಕತೀನಿ" ಅಂದರು. ಪಾಪ ಅಂತ ಕೊಟ್ಟೆ. ಆ ಮಹಾನುಭಾವ ಒಂದು ದಿನವೂ ಬಿಡುವು ಕೊಡದೆ ಅವನನ್ನು ಆಡಿಸಿ, ಮಂಡಿ ಕೆಡಿಸಿ, ತಿಂಗಳು ತುಂಬಿದಾಗ "ಯಾಕೋ ಇಷ್ಟ ಆಗ್ನಿಲ್ಲ" ಅಂತ ವಾಪಸ್ ಕಳಿಸಿದರು.

ನನಗೆ ಮೈ ಉರಿದುಹೋಯಿತು. ಮದುವೆಗೆ ಉಟ್ಟು, ಸೆರಗಿಗೆ ಸಾಂಬಾರು ಮೆತ್ತಿಸಿಕೊಂಡು, ಬಣ್ಣ ಹಿಡಿಸಲಿಲ್ಲ ಅಂತ ಸೀರೆ ವಾಪಸ್ ತರುವ ಗಿರಾಕಿಗಳನ್ನು ಕಂಡರೇ ನನಗಾಗುವುದಿಲ್ಲ. ಫೋನ್ ಮಾಡಿ, "ಕತ್ತರಿಸಿ ಕೊಟ್ಟ ಮಾತ್ರೇನ ನಿಮ್ಮ ಅಂಗಡೀಲಿ ವಾಪಸ್ ತಗೋತೀರೇನ್ರೀ?" ಅಂತ ಕೂಗಾಡಿದೆ.

"ಮಾತ್ರೆ ಮ್ಯಾಲೆ ಎಕ್ಸ್‌ಪೈರಿ ಬರ್ದಿರ್ತದೆ ಸಾ" ಅಂದರು ಅವರು ತಣ್ಣಗೆ. "ನಿಮ್ ಆಟಗಾರುಂದು ಮುಗ್ದೋಗಿತ್ತು, ನೀವ್ ಯೋಳ್ನೇ ಇಲ್ಲ."

ಹಗ್ಗ ಕೊಡುವುದಿಲ್ಲ

ಸತ್ತೇಗಾಲದ ಯಜಮಾನರೊಬ್ಬರು ನಮ್ಮ ಲೀಗಿನಲ್ಲಿದ್ದಾರೆ. ಭತ್ತ, ಕಬ್ಬು ಬೆಳೆಯುವವರು, ದನದ ವ್ಯಾಪಾರದಲ್ಲಿ ಪಳಗಿದವರು. ಅವರ ಸ್ಟ್ರೈಕರ್ ಒಬ್ಬನನ್ನು ನಾನು ಕೇಳಿದೆ. ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯುವ ಮಾತು. ಇವರು ಬಸ್ಸು ಹತ್ತಿಕೊಂಡು ಅಂಗಡಿಗೇ ಬಂದು, ದನದ ಜಾತ್ರೆಯಲ್ಲಿ ಗುಟ್ಟಾಗಿ ಬೆಲೆ ಕಟ್ಟುವ ಹಾಗೆ ಗಿರಾಕಿಗಳ ಎದುರು ಕೈಮೇಲೆ ಟವೆಲ್ ಹೊದಿಸಿ, "ಬೆರಳು ಇಡೀರಿ ಸಾ" ಅಂದರು. ರೇಷ್ಮೆ ಸೀರೆ ನೋಡುತ್ತಿದ್ದ ಹೆಂಗಸರು ಸೀರೆ ಬಿಟ್ಟು ನಮ್ಮನ್ನೇ ನೋಡತೊಡಗಿದರು.

ಅಂತೂ ವ್ಯಾಪಾರ ಕುದುರಿತು. ಹೊರಡುವಾಗ ಯಜಮಾನರು, "ಅವುಂದು ಅತ್ತನೇ ನಂಬರ್ ಮಾತ್ರ ಕೊಡಕಿಲ್ಲ" ಅಂದರು.

"ಅಂಗಿ ನಂಬರು ಕಣ್ರಿ ಅದು! ನಿಮಗ್ಯಾಕೆ?"

"ಎತ್ತು ಮಾರುದ್ರೆ ಅಗ್ಗ ಕೊಟ್ಟಾರಾ ಸಾ? ಅಗ್ಗ ಕೊಟ್ಬುಟ್ರೆ ಕೊಟ್ಗೆ ಬರಿದಾಯ್ತದೆ."

ಇದು ಲೀಗಿನ ಯಾವ ನಿಯಮದಲ್ಲಿದೆ ಅಂತ ಜಗಳವಾಡಿದೆ. ಕೇಳಲಿಲ್ಲ. ಕೊನೆಗೆ ಆ ಸ್ಟ್ರೈಕರ್ ನನ್ನ ತಂಡದಲ್ಲಿ ನಲವತ್ತೇಳನೇ ನಂಬರ್ ಹಾಕಿಕೊಂಡು ಆಡಿದ. ಹೋಗಲಿ, ಹತ್ತನ್ನು ಅವರಾದರೂ ಯಾರಿಗಾದರೂ ಹಾಕಿದರೇ? ಅದೂ ಇಲ್ಲ. ಕೇಳಿದರೆ "ಗೂಟದಲ್ಲಿ ನೇತಾಕಿವ್ನಿ ಸಾ" ಅಂದರು.

ತಟ್ಟೆ ಹಿಡಿದು ಬಂದವರು

ಯಳಂದೂರಿನಲ್ಲಿ ಬೇಕರಿ ಇಟ್ಟಿರುವ ನನ್ನ ಭಾಮೈದನಿಗೆ ಉದ್ದಣ್ಣನ ಮೇಲೆ ಕಣ್ಣು. ಫೋನಿನಲ್ಲಿ ಕೇಳಿದ. ಬೇಡ ಅಂದೆ. ಒಮ್ಮೆ ಬೇಡ ಅಂದಮೇಲೆ ಫೋನಿನಲ್ಲಿ ಮತ್ತೆ ಕೇಳಿ ಪೀಡಿಸಬಾರದು ಅನ್ನುವುದು ಲೀಗಿನ ಮರ್ಯಾದೆ. ಅವನು ಆ ಮರ್ಯಾದೆ ಉಳಿಸಿದ. ಭಾನುವಾರ ಅವರ ಅವ್ವನನ್ನು, ಅಂದರೆ ನಮ್ಮತ್ತೆಯನ್ನು ಮುಂದಿಟ್ಟುಕೊಂಡು, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಜೋಡಿಸಿಕೊಂಡು ಮನೆಗೇ ಬಂದ.

"ಅಳಿಯಂದ್ರೇ, ನಿಮ್ ಗೋಲಿನೋನ್ನ ನಮ್ಮನೆಗೆ ಕೊಡಿ. ಚೆನ್ನಾಗ್ ನೋಡ್ಕತೀವಿ" ಅಂದರು ಅತ್ತೆ.

"ಅತ್ತೆ, ಇದೇನು ಹೆಣ್ಣು ಕೇಳೋ ಶಾಸ್ತ್ರವಾ?"

"ನಾವು ನಿಮ್ಗೆ ಮಗ್ಳನ್ನೇ ಕೊಟ್ಟಿವಿ. ನೀವು ಫೋನಲ್ಲಿರೋ ಒಬ್ಬುನ್ನ ಕೊಡಕೆ ಇಷ್ಟ್ ಯೋಚ್ನೆ ಮಾಡ್ತೀರಲ್ಲಾ?"

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಉತ್ತರಕ್ಕೇ ಕಾಯುತ್ತಿದ್ದಳು. ತಟ್ಟೆ ತೆಗೆದುಕೊಂಡೆ. ಉದ್ದಣ್ಣನ ಬದಲು ಭಾಮೈದ ಕೊಟ್ಟ ಗೋಲ್‌ಕೀಪರ್ ಎದುರಿಗೆ ಬಂದ ಚೆಂಡಿಗೆ ದಾರಿ ಬಿಟ್ಟು ನಿಲ್ಲುವವನು. ಅನ್ಯಾಯದ ವ್ಯಾಪಾರವನ್ನು ರದ್ದು ಮಾಡುವ ಅಧಿಕಾರ ಅಧ್ಯಕ್ಷನಿಗಿದೆ, ನಿಜ. ಅತ್ತೆ ಮಾಡಿದ ವ್ಯಾಪಾರ ರದ್ದು ಮಾಡುವ ಅಧ್ಯಕ್ಷ ಇನ್ನೂ ಹುಟ್ಟಿಲ್ಲ.

ತವರು ಮನೆ

ಹೇಗೋ ಏಗಿಕೊಂಡು ಫೈನಲ್ ತಲುಪಿದೆ. ಎದುರಾಳಿ ಯಾರು? ಅದೇ ಭಾಮೈದ. ಅವನ ಗೋಲಿನಲ್ಲಿ ನಿಲ್ಲುವವನು ಯಾರು? ನಾನೇ ಸಾಕಿದ ಉದ್ದಣ್ಣ! ಹೊಟ್ಟೆ ಉರಿಯದೆ ಇನ್ನೇನಾದೀತು?

ಆಗ ಆಷಾಢ. ಮದುವೆಗಳಿಲ್ಲ, ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆ. ಕ್ಯಾಲೆಂಡರ್ ನೋಡಿದವನಿಗೆ ತಟ್ಟನೆ ಹೊಳೆಯಿತು. ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಉದ್ದಣ್ಣನ್ನ ತಾಂಬೂಲ ಕೊಟ್ಟು ಕರ್ಕೊಂಡ್ ಹೋದ್ರಿ. ಇದು ಮೊದಲ ಆಷಾಢ. ತವರಿಗೆ ಕಳಿಸೋದಿಲ್ವಾ?"

ಆ ಕಡೆಯಿಂದ ಭಾಮೈದ ಕಿರುಚಿದ್ದು ನನಗೂ ಕೇಳಿಸಿತು. "ಅವ್ವಾ, ಬ್ಯಾಡ ಕಣವ್ವಾ, ಫೈನಲ್ ಅದೆ! ಅವ್ನು ಗಂಡ್ಸು!"

"ಸುಮ್ಕಿರ್ಲಾ! ತಾಂಬೂಲ ಕೊಟ್ಟು ತಂದೋನು ನೀನೇ ಅಲ್ವಾ? ಕಳ್ಸು!"

ಉದ್ದಣ್ಣ ಒಂದು ತಿಂಗಳ ಎರವಲಿನ ಮೇಲೆ ತವರಿಗೆ ಬಂದ. ಫೈನಲ್ಲಿನಲ್ಲಿ ಬಂದ ಚೆಂಡನ್ನೆಲ್ಲ ತಡೆದ. ನಲವತ್ತೇಳನೇ ನಂಬರಿನವನು ಗೋಲು ಹೊಡೆದ. ಕಪ್ ನನ್ನದಾಯಿತು. ಇಷ್ಟಕ್ಕೇ ಮುಗಿದಿದ್ದರೆ ನಾನು ಜಾಣ.

ಶ್ರಾವಣ ಹುಟ್ಟುತ್ತಿದ್ದಂತೆ ಅತ್ತೆ ಬಂದು ಜಗಲಿ ಮೇಲೆ ಕೂತರು. ಉದ್ದಣ್ಣನನ್ನು ಕಳಿಸಲು ಫೋನ್ ತೆಗೆದೆ.

"ಬರಿಗೈಲಿ ಕಳ್ಸೀರಾ ಅಳಿಯಂದ್ರೇ? ತವ್ರಿನೋರು ಮಡ್ಲು ತುಂಬ್ಬೇಕಲ್ವಾ?"

"ಅಕ್ಕಿ, ಬೆಲ್ಲ, ಕಾಯಿ ತಾನೆ? ಎಷ್ಟು ಬೇಕೋ ತಗೊಂಡ್ ಹೋಗಿ!"

"ಅಕ್ಕಿ ತಕಂಡು ಅವ್ನೇನ್ ಮಾಡಾನು? ಆ ನಲ್ವತ್ತೇಳ್ನೇ ನಂಬರ್ನೋನ್ನ ಜೊತೇಲಿ ಕಳ್ಸಿ."

ಶಾಸ್ತ್ರ ಎತ್ತಿದವನು ನಾನೇ. ಇಬ್ಬರನ್ನೂ ಕಳಿಸಿದೆ. ಸಿಟ್ಟು ತಡೆಯಲಾರದೆ ಸತ್ತೇಗಾಲದ ಯಜಮಾನರಿಗೆ ಫೋನ್ ಮಾಡಿ, ಲೀಗಿನಲ್ಲಿ ನ್ಯಾಯ ಸತ್ತುಹೋಯಿತು, ಮೊದಲು ಕೀಪರ್ ಹೋದ, ಈಗ ಸ್ಟ್ರೈಕರೂ ಹೋದ ಅಂತ ಎಲ್ಲವನ್ನೂ ತೋಡಿಕೊಂಡೆ.

ಅವರು ಪೂರ್ತಿ ಕೇಳಿಸಿಕೊಂಡು, "ಆ ಉದ್ದಣ್ಣುನ್ನ ಕೊಡೋವಾಗ ಅಗ್ಗ ಮಡೀಕಂಡಿದ್ರಾ ಸಾ?" ಅಂದರು.

"ಇಲ್ಲ" ಅಂದೆ.

"ಅದ್ಕೇಯಾ!" ಅಂದು ಫೋನ್ ಇಟ್ಟರು.