ನಮ್ಮತ್ತೆಯವರ ಮೇಲೆ ಬೆಳಕು ಚೆಲ್ಲಿದ ಪ್ರಸಂಗ

ಬೆಳಕಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಬೆಳಕು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಗಾಜಿನೊಳಗೆ ನುಗ್ಗುವಾಗ ಎಷ್ಟು ಡೊಂಕಾಗುತ್ತದೆ ಎಂಬುದನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ನಿಜ ಹೇಳಬೇಕೆಂದರೆ ಮಕ್ಕಳೂ ಈ ಪಾಠವನ್ನು ನಿದ್ದೆಯಲ್ಲೇ ಕೇಳಿರುವುದು! ಹೀಗಿರುವಾಗ ಒಬ್ಬರ ಮುಖದ ಮೇಲೆ ಒಂದಿಷ್ಟು ಬೆಳಕು ಬಿಟ್ಟು ಫೋಟೋ ತೆಗೆಯುವುದು ಯಾವ ಮಹಾ ಕೆಲಸ ಎಂದು ನಾನು ಅಂದುಕೊಂಡದ್ದು ತಪ್ಪಲ್ಲ. ತಪ್ಪೆಲ್ಲ ಆಮೇಲೆ ಶುರುವಾಯಿತು.

ನಮ್ಮತ್ತೆ ಮುನಿತಾಯಮ್ಮನವರಿಗೆ ಎಪ್ಪತ್ತೆಂಟು ವರ್ಷ. ಯಲಹಂಕದ ಆಚೆಗಿನ ಹಳ್ಳಿಯವರು. ಹಳ್ಳಿ ಎಂದರೆ ಹೆಸರಿಗೆ ಮಾತ್ರ. ಈಗ ಅವರ ಹಿತ್ತಲಿನ ಅವರೆ ಚಪ್ಪರದ ಮೇಲೆ ಹದಿನಾಲ್ಕನೇ ಮಹಡಿಯವರ ಕಣ್ಣು ಬೀಳುತ್ತದೆ. ಒಂದು ಭಾನುವಾರ ಬೆಳಿಗ್ಗೆ ವಿದ್ಯಾರಣ್ಯಪುರದ ನಮ್ಮ ಮನೆಗೆ ಬಂದವರೇ ಇಡ್ಲಿ ತಿನ್ನುತ್ತಾ ಮಗಳ ಮುಂದೆ ಒಂದು ಬೇಡಿಕೆ ಇಟ್ಟರು. ಮಗಳು ಎಂದರೆ ನನ್ನ ಹೆಂಡತಿ ರತ್ನ.

"ನಂದೊಂದು ಫೋಟೋ ತೆಗೆಸ್ಬುಡವ್ವ. ಗೋಡೆಗೆ ಆಕೋಕೆ."

"ಯಾವ ಗೋಡೆಗಮ್ಮ?"

"ನಾನು ಸತ್ಮೇಲೆ ಊವಿನಾರ ಆಕ್ತೀರಲ್ಲ, ಆ ಗೋಡೆಗೆ."

"ಅಯ್ಯೋ, ಬಿಡ್ತು ಅನ್ನಮ್ಮ!"

ಅತ್ತೆ ಬಿಡ್ತು ಅನ್ನಲಿಲ್ಲ. ಅವರ ಹಟಕ್ಕೆ ಕಾರಣವಿತ್ತು. ನಮ್ಮ ಮಾವ ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿಕೊಂಡವರಲ್ಲ. ಅವರು ತೀರಿಕೊಂಡ ಮೇಲೆ ಮನೆಯೆಲ್ಲ ಹುಡುಕಿ, ಯಾರದೋ ಮದುವೆಯ ಗುಂಪಿನ ಫೋಟೋದಿಂದ ಅವರನ್ನು ಕತ್ತರಿಸಿ ತೆಗೆದು ದೊಡ್ಡದು ಮಾಡಿಸಿದ್ದರು. ಹಾಗಾಗಿ ಇವತ್ತಿಗೂ ಗೋಡೆಯ ಮೇಲೆ ಮಾವನ ಎಡ ಹೆಗಲ ಮೇಲೆ ಯಾರವೋ ನಾಲ್ಕು ಬೆರಳುಗಳಿವೆ.

"ಮನೆಗೆ ಬಂದೋರೆಲ್ಲ ಅವ್ರ ಮಕ ಬುಟ್ಟು ಆ ಕೈ ಯಾರ್ದು ಅಂತ ಕೇಳ್ತಾರೆ. ನಂದಾರಾ ನೆಟ್ಟಗಿರ್ಲಿ. ನಾನೇ ಕಣ್ಣಾರೆ ನೋಡಿ ಒಪ್ಕಬೇಕು," ಎಂದರು ಅತ್ತೆ. ಎಪ್ಪತ್ತೆಂಟು ವರ್ಷ ದುಡಿದ ಹೆಂಗಸು ಕೇಳುತ್ತಿರುವುದು ಒಂದು ಒಳ್ಳೆಯ ಫೋಟೋ, ಅಷ್ಟೇ.

ರತ್ನ ಹೇಳಿದಳು: "ಸಂಜಯನಗರದಲ್ಲಿ ಒಂದು ಒಳ್ಳೆ ಸ್ಟುಡಿಯೋ ಇದೆ ರೀ. ಅರ್ಧ ಗಂಟೆ ಕೆಲಸ."

"ಸ್ಟುಡಿಯೋನಾ? ಮನೇಲಿ ನಾನಿರೋವಾಗ?"

"ನೀವಿದೀರಿ ಅಂತ್ಲೇ ಹೇಳ್ತಿರೋದು."

ಈ ಮಾತನ್ನು ನಾನು ಸವಾಲಾಗಿ ಸ್ವೀಕರಿಸಿದೆ. ಕೂಡಲೇ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬೆಳಕಿನ ಬಗ್ಗೆ ಒಂಬತ್ತು ವಿಡಿಯೋ ನೋಡಿದೆ. ಎಲ್ಲದರಲ್ಲೂ ಹೇಳಿದ್ದು ಒಂದೇ. ಒಳ್ಳೆಯ ಫೋಟೋಗೆ ಮೂರು ಬೆಳಕು ಬೇಕು. ಒಂದು ಮುಖ್ಯ ಬೆಳಕು, ಅದು ಪಕ್ಕದಿಂದ ಮುಖಕ್ಕೆ ಬೀಳಬೇಕು. ಇನ್ನೊಂದು ತುಂಬು ಬೆಳಕು, ಅದು ಎದುರು ಬದಿಯಿಂದ ಬಂದು ನೆರಳನ್ನು ತಿಳಿ ಮಾಡಬೇಕು. ಮೂರನೆಯದು ಹಿಂಬೆಳಕು, ಅದು ತಲೆಗೂದಲಿಗೆ ಹೊಳಪು ಕೊಡಬೇಕು. ಇದನ್ನೆಲ್ಲ ಮಾಡುವ ಮುನ್ನ ಮನೆಯೊಳಗೆ ಬರುವ ಬಿಸಿಲನ್ನು ಪೂರ್ತಿ ಮುಚ್ಚಿಬಿಡಬೇಕಂತೆ. ಸೂರ್ಯನನ್ನು ನಂಬಬಾರದಂತೆ!

ಮುಖ್ಯ ಬೆಳಕಿಗೆ ಶಾಮಿಯಾನದವರಿಂದ ಐನೂರು ವ್ಯಾಟಿನ ಹ್ಯಾಲೋಜನ್ ದೀಪ ತಂದೆ. ಹಿಂಬೆಳಕಿಗೆ ನನ್ನ ಟೇಬಲ್ ಲ್ಯಾಂಪು. ತುಂಬು ಬೆಳಕಿಗೆ ಬಿಳಿ ಥರ್ಮೋಕೋಲಿನ ದೊಡ್ಡ ಹಲಗೆ. ಹ್ಯಾಲೋಜನ್ ಬೆಳಕು ಅದಕ್ಕೆ ತಗುಲಿ ಪ್ರತಿಫಲಿಸಿ ಅತ್ತೆಯ ಇನ್ನೊಂದು ಕೆನ್ನೆಗೆ ಬೀಳುತ್ತದೆ, ಶುದ್ಧ ಭೌತಶಾಸ್ತ್ರ. ಹಾಲ್ ಚಿಕ್ಕದು, ಆದ್ದರಿಂದ ಅತ್ತೆಗೆಂದು ಒಂದು ಮರದ ಕುರ್ಚಿ ಉಳಿಸಿ, ಸೋಫಾ ಮತ್ತು ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ಗೇಟಿನಾಚೆ ಹೊಂಗೆ ಮರದ ಕೆಳಗೆ ಸಾಗಿಸಿದೆ.

ಮಧ್ಯಾಹ್ನ ಕೊನೆಯ ಕುರ್ಚಿ ಇಡುವಾಗ ಎದುರು ಮನೆಯ ನಂಜಪ್ಪನವರು ಗೇಟಿಗೆ ಬಂದರು. ರಿಟೈರ್ಡ್ ಮನುಷ್ಯ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನ ಯಜಮಾನರು.

"ಏನ್ ಸಾರ್, ಕುರ್ಚಿ ಎಲ್ಲ ಆಚೆ?"

ನಾನು ಬೆವರು ಒರೆಸಿಕೊಂಡೆ. ಮುಖವೆಲ್ಲ ಒದ್ದೆಯಾಗಿತ್ತು. "ನಮ್ಮತ್ತೆಯವರದು ಫೋಟೋ ರೆಡಿ ಮಾಡ್ತಾ ಇದೀವಿ ಸಾರ್. ಗೋಡೆಗೆ ಹಾಕೋದಕ್ಕೆ."

ನಂಜಪ್ಪನವರು ಕನ್ನಡಕ ತೆಗೆದರು. "ಛೆ ಛೆ! ಬೆಳಿಗ್ಗೆ ಆಟೋದಿಂದ ಇಳಿಯೋದು ನೋಡಿದ್ನಲ್ಲ ಸಾರ್!"

"ಹೌದು ಸಾರ್, ಬಂದ್ರು, ಇಡ್ಲಿ ತಿಂದ್ರು, ಎಲ್ಲ ಅರ್ಧ ಗಂಟೇಲಿ ತೀರ್ಮಾನ ಆಗೋಯ್ತು."

ಅವರು ನನ್ನ ಹೆಗಲನ್ನು ಎರಡು ಸಲ ತಟ್ಟಿ, ತಲೆ ಬಗ್ಗಿಸಿ ಹೊರಟುಹೋದರು. ಕಲೆಯ ಬಗ್ಗೆ ಎಂಥ ಗೌರವ ಎಂದುಕೊಂಡು ನಾನು ಒಳಗೆ ಬಂದೆ.

ಕಿಟಕಿಗೆ ಕಪ್ಪು ಕಂಬಳಿ ಕಟ್ಟಿ, ಹ್ಯಾಲೋಜನ್ ಹಾಕಿದೆ. ಹಾಲ್ ಜಗಜಗ ಎಂದಿತು! ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟು, ಮೂಗುಬೊಟ್ಟು ತಿಕ್ಕಿ ಹೊಳೆಯಿಸಿಕೊಂಡು ಬಂದರು.

"ಬನ್ನಿ ಅತ್ತೆ, ಕೂತ್ಕೊಳ್ಳಿ," ಎಂದೆ. ಅತ್ತೆ ಕೂರಲಿಲ್ಲ.

ಇಲ್ಲೊಂದು ಸಂಗತಿ ಹೇಳಬೇಕು. ನಮ್ಮತ್ತೆ ಹಳೇ ಕಾಲದವರು. ಅಳಿಯ ನಿಂತಿದ್ದಾಗ ಕೂರುವವರಲ್ಲ, ಅಳಿಯ ಕೂತಿದ್ದರೆ ಅವನಿಗಿಂತ ಎತ್ತರದಲ್ಲಿ ಕೂರುವವರಲ್ಲ, ಮುಖ ಕೊಟ್ಟು ಮಾತಾಡುವವರಂತೂ ಅಲ್ಲವೇ ಅಲ್ಲ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ನಾನು ಅವರ ಮುಖಕ್ಕಿಂತ ಬಾಗಿಲ ಹಿಂದಿನ ಸೆರಗನ್ನೇ ಹೆಚ್ಚು ನೋಡಿದ್ದೇನೆ. ನಾನು ಎದುರಿಗಿದ್ದರೂ ಮಾತು ಮಗಳ ಮೂಲಕವೇ ಬರುತ್ತದೆ. ಈ ಮರ್ಯಾದೆ ಊಟದ ಎಲೆಯ ಮುಂದೆ ಬಹಳ ಸುಖ. ಕ್ಯಾಮೆರಾದ ಹಿಂದೆ ಪೀಕಲಾಟ!

"ಅಳಿಯಂದ್ರು ನಿಂತವ್ರೆ, ನಾನು ಕುರ್ಚಿ ಮ್ಯಾಲೆ ಕುಂತ್ಕಳಾದಾ ರತ್ನಿ?" ಎಂದು ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ನನ್ನ ಐನೂರು ವ್ಯಾಟು ಪೂರ್ತಿ ಅವರ ಬೆನ್ನಿಗೆ ಬಿತ್ತು.

ಸರಿ, ನಾನು ಸ್ಟೂಲಿನ ಮೇಲೆ ಕೂತೆ. ಅತ್ತೆ ನೆಲದ ಮೇಲೆ ಕೂತರು. ನಾನು ನೆಲಕ್ಕೆ ಇಳಿದೆ. ಅತ್ತೆ ಎದ್ದು ಬಾಗಿಲ ಹಿಂದೆ ಹೋದರು. ನಾನು ಕೊನೆಯ ಅಸ್ತ್ರವಾಗಿ ಕ್ಯಾಮೆರಾ ಹಿಡಿದು ಹೊಟ್ಟೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟೆ. ಇನ್ನು ನನಗಿಂತ ಕೆಳಗೆ ಹೋಗಬೇಕಾದರೆ ನೆಲ ಅಗೆಯಬೇಕು!

"ಅಯ್ಯೋ, ಅಳಿಯಂದ್ರಿಗೆ ಏನಾಯ್ತೇ? ನೀರು ತತ್ತಾ!" ಎಂದು ಅತ್ತೆ ಗಾಬರಿಯಿಂದ ಬಗ್ಗಿ ನೋಡಿದರು. ಮುಖ ಸಿಕ್ಕಿತು! ಕ್ಲಿಕ್ ಮಾಡಿದೆ. ಹ್ಯಾಲೋಜನ್ನನ್ನು ನನ್ನ ಜೊತೆ ನೆಲಕ್ಕೆ ಇಳಿಸಿದ್ದರಿಂದ ಬೆಳಕು ಅಡಿಯಿಂದ ಬಿದ್ದು, ಮೂಗಿನ ನೆರಳು ಹಣೆಗೆ ಹತ್ತಿತ್ತು, ಕಣ್ಣುಗಳು ಬಿಳಿಯಾಗಿದ್ದವು.

ರತ್ನ ನೋಡಿದಳು. "ಇದನ್ನ ಗೋಡೆಗೆ ಹಾಕಿದ್ರೆ ಆ ರೂಮಿಗೆ ಯಾರೂ ಕಾಲಿಡಲ್ಲ ರೀ."

ಆಮೇಲೆ ಅವಳೇ ಉಪಾಯ ಹೇಳಿದಳು. ಅಳಿಯ ಕಣ್ಣಿಗೆ ಬೀಳದಿದ್ದರೆ ಸಾಕಲ್ಲವೇ! ಹಾಲಿನ ಅಡ್ಡಕ್ಕೆ ಹಗ್ಗ ಕಟ್ಟಿ ಬಿಳಿ ಬೆಡ್‌ಶೀಟ್ ಇಳಿಬಿಟ್ಟು, ಲೆನ್ಸಿನ ಅಳತೆಗೆ ಒಂದು ತೂತು ಕತ್ತರಿಸಿ, ನಾನು ಅದರ ಹಿಂದೆ ಅಡಗಿ ನಿಂತೆ. ಅದು ರತ್ನಳ ತವರಿನಿಂದ ಬಂದ ಬೆಡ್‌ಶೀಟು ಎಂಬುದು ಕತ್ತರಿಸಿದ ಮೇಲೆ ಗೊತ್ತಾಯಿತು.

"ಅಳಿಯಂದ್ರು ಎಲ್ಲವ್ವ?"

"ಅಂಗಡಿಗೆ ಹೋದ್ರಮ್ಮ. ನೀನು ಕೂತ್ಕೋ."

ಅತ್ತೆ ಕುರ್ಚಿಯ ಮೇಲೆ ಕೂತರು! ಸೆರಗನ್ನು ಹಿಂದಕ್ಕೆ ಸರಿಸಿದರು! ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ನಾನು ನಮ್ಮತ್ತೆಯ ಮುಖವನ್ನು ಪೂರ್ತಿಯಾಗಿ ನೋಡಿದೆ. ಎಷ್ಟು ಚೆಂದದ ಮುಖ! ಆದರೆ ಅವರ ಕನ್ನಡಕದ ಎರಡೂ ಗಾಜುಗಳಲ್ಲಿ ಎರಡು ಹ್ಯಾಲೋಜನ್ ಉರಿಯುತ್ತಿದ್ದವು. ಬಾಯಿ ಬಿಟ್ಟು ಹೇಳುವಂತಿಲ್ಲ. ನಾನು ಅಂಗಡಿಯಲ್ಲಿದ್ದೇನೆ. ತೂತಿನ ಹಿಂದಿನಿಂದ ರತ್ನಳಿಗೆ ಮೆಸೇಜ್ ಕಳಿಸತೊಡಗಿದೆ. "ಗಲ್ಲ ಎರಡು ಇಂಚು ಕೆಳಗೆ." "ಅಷ್ಟು ಬೇಡ." "ಪತನ ಕೋನ ನೋಡಿಕೋ." ಅದಕ್ಕೆ ರತ್ನ ಒಂದೇ ಸಾಲಿನ ಉತ್ತರ ಕಳಿಸಿದಳು: "ನಂಗೆ ಬೈಗುಳ ಬಾಯಿಗೆ ಬರ್ತಿದೆ, ಅಮ್ಮ ಇದಾರೆ ಅಂತ ಸುಮ್ನಿದೀನಿ."

ನಾನು ಹ್ಯಾಲೋಜನ್ನಿನ ಕಂಬವನ್ನು ಬೆಡ್‌ಶೀಟಿನ ಅಡಿಯಿಂದ ಕಾಲಲ್ಲಿ ಮೆಲ್ಲಗೆ ತಳ್ಳಿದೆ. ಕನ್ನಡಕದ ಹೊಳಪು ಮಾಯವಾಯಿತು. ಆಹಾ! ದೀಪ ಥರ್ಮೋಕೋಲಿಗೆ ಒತ್ತಿಕೊಂಡು ನಿಂತದ್ದನ್ನು ಮಾತ್ರ ಗಮನಿಸಲಿಲ್ಲ.

"ಏನೋ ಸೀಯ್ತಾ ಅದೆ ಕಣೇ," ಎಂದು ಅತ್ತೆ ಮೂಗು ಅರಳಿಸಿದರು. ಎಂಥ ಜೀವಂತ ಮುಖಭಾವ ಎಂದು ನಾನು ಫೋಕಸ್ ಮಾಡಿದೆ. ಥರ್ಮೋಕೋಲು ಕರಗಿ ದೀಪದ ಮೇಲೆ ಬಿತ್ತು. ಬುಸ್ಸೆಂದು ಹೊಗೆ, ಠಪ್ಪೆಂದು ಸದ್ದು, ಇಡೀ ಮನೆಯ ಕರೆಂಟು ಹೋಯಿತು. ಕತ್ತಲಲ್ಲಿ ನಾನು ಮುಗ್ಗರಿಸಿದಾಗ ಹಗ್ಗ ಕಿತ್ತುಬಂದು, ಬೆಡ್‌ಶೀಟು ತಲೆಯ ಮೇಲಿಂದ ಕಾಲಿನವರೆಗೆ ನನ್ನನ್ನು ಸುತ್ತಿಕೊಂಡಿತು. ಕೆಮ್ಮುತ್ತಾ ತಡವರಿಸುತ್ತಾ ಹೋಗಿ, ಕಂಬಳಿ ಎಳೆದು, ಕಿಟಕಿ ತೆರೆದೆ.

ಕಿಟಕಿಯಾಚೆ ಇಡೀ ರಸ್ತೆ ಸೇರಿತ್ತು.

ನಂಜಪ್ಪನವರು ತಮ್ಮ ಗುಂಪಿನಲ್ಲಿ ಸುದ್ದಿ ಹಾಕಿದ್ದರು. ಸಾವಿನ ಮನೆಗೆ ಬೇಕಾದ ಲಕ್ಷಣವೆಲ್ಲ ನಮ್ಮ ಮನೆಗಿತ್ತು: ಬೀದಿಯಲ್ಲಿ ಕುರ್ಚಿ, ಮುಚ್ಚಿದ ಕಿಟಕಿ, ಈಗ ಹೊಗೆಯೂ ಬಂತು. ಹೂವಿನ ಹಾರ ಹಿಡಿದವರು ಹನ್ನೊಂದು ಮಂದಿ. ಒಲೆ ಹಚ್ಚದ ಮನೆಗೆಂದು ನಂಜಪ್ಪನವರ ಹೆಂಡತಿ ಶಾರದಮ್ಮ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಅವರೆಲ್ಲರ ಕಣ್ಣಿಗೆ, ಹೊಗೆಯ ನಡುವೆ, ಬಿಳಿ ಬಟ್ಟೆ ಸುತ್ತಿಕೊಂಡು ಎದ್ದು ನಿಂತ ನಾನು ಕಂಡೆ.

"ಎದ್ರು! ಅಜ್ಜಿ ಎದ್ರು!" ಎಂದು ನಂಜಪ್ಪನವರು ಎರಡು ಹೆಜ್ಜೆ ಹಿಂದೆ ಹಾರಿದರು. ಸರಿಯಾಗಿ ಅದೇ ಹೊತ್ತಿಗೆ ರೇಷ್ಮೆ ಸೀರೆಯ ಅತ್ತೆ, ಹೊಗೆಗೆ ಕಣ್ಣು ಬಿಡಲಾಗದೆ ಸೆರಗು ಒತ್ತಿಕೊಂಡು, ಬಾಗಿಲಿನಿಂದ ಹೊರಬಂದರು.

"ಯಾರು ಓಗ್ಬುಟ್ರಪ್ಪಾ?" ಎಂದು ಅತ್ತೆ ಮರುಕದಿಂದ ಕೇಳಿದರು.

ಕೊನೆಗೆ ಶಾರದಮ್ಮ ಅಳುಕುತ್ತಾ, "ನೀವೇ ಕಣಮ್ಮ," ಎಂದರು.

ಆಮೇಲೆ ಅತ್ತೆ ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಹೊಂಗೆ ಮರದ ಕೆಳಗಿದ್ದ ಸೋಫಾದ ಮೇಲೆ ಧೊಪ್ಪೆಂದು ಕೂತು ನಕ್ಕರು. "ತಂದಿರೋ ಊವ ವಾಪಸ್ ಯಾಕೆ ತಗಂಡೋಯ್ತೀರಾ? ಕೊಡಿ ಇಲ್ಲಿ! ಸತ್ಮೇಲೆ ಆಕಿದ್ರೆ ನಂಗೆ ವಾಸ್ನೆ ಬತ್ತದಾ?" ಎಂದು ಒಂದು ಮಲ್ಲಿಗೆ ಹಾರ ಇಸಿದುಕೊಂಡು ಮೂಸಿದರು. ಶಾರದಮ್ಮನ ಕಾಫಿ ಕುಡಿದರು. ಬಂದವರನ್ನೆಲ್ಲ ಪಕ್ಕಕ್ಕೆ ಕರೆದು, ಯಾವೂರು, ಯಾರ ಮಗಳು ಎಂದು ವಿಚಾರಿಸಿಕೊಂಡರು.

ನಾನು ಕಿಟಕಿಯ ತೂತಿನಿಂದ, ಕ್ಷಮಿಸಿ, ಕಿಟಕಿಯಲ್ಲಿ ಬೆಡ್‌ಶೀಟಿನ ತೂತಿನಿಂದ ಎಲ್ಲ ನೋಡುತ್ತಿದ್ದೆ. ಅತ್ತೆ ಕಿಟಕಿಗೆ ಓರೆಯಾಗಿ ಕೂತು, ಅತ್ತಿತ್ತ ತಿರುಗಿ ಮಾತಾಡುತ್ತಿದ್ದರು. ಸಂಜೆ ನಾಲ್ಕರ ಬಿಸಿಲು ಎಡಗಡೆಯಿಂದ ಅತ್ತೆಯ ಕೆನ್ನೆಗೆ ಓರೆಯಾಗಿ ಬೀಳುತ್ತಿತ್ತು. ನಂಜಪ್ಪನವರ ಸುಣ್ಣದ ಕಾಂಪೌಂಡಿಗೆ ತಗುಲಿದ ಬೆಳಕು ಬಲಗೆನ್ನೆಯ ನೆರಳನ್ನು ತಿಳಿ ಮಾಡಿತ್ತು. ಹೊಂಗೆ ಎಲೆಗಳ ನಡುವಿನಿಂದ ಹಿಂದೆ ಇಳಿದ ಕಿರಣ ಬಿಳಿಗೂದಲಿಗೆ ಹೊಳಪು ಕೊಟ್ಟಿತ್ತು. ಮೂರೂ ಬೆಳಕು, ಒಂದೂ ಕೋನ ತಪ್ಪಿಲ್ಲ! ಕ್ಯಾಮೆರಾ ಹಿಡಿದು ಹೊರಗೆ ಓಡೋಣವೆನಿಸಿತು. ಆದರೆ ನಾನು ಹೊಸ್ತಿಲು ದಾಟಿದೊಡನೆ ಅತ್ತೆ ಸೆರಗೆಳೆದುಕೊಂಡು ಎದ್ದು ನಿಲ್ಲುತ್ತಾರೆ. ಹಾಗಾಗಿ ಹಲ್ಲು ಕಚ್ಚಿಕೊಂಡು ಅಲ್ಲೇ ನಿಂತೆ. ಆ ಇಡೀ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಶಾರದಮ್ಮ ಒಂದು ಕೈಯಲ್ಲಿ ಫ್ಲಾಸ್ಕ್ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಎತ್ತಿ, "ಅಜ್ಜೀ, ಇಲ್ನೋಡಿ," ಎಂದು ಟಕ್ಕೆಂದು ಒತ್ತಿದರು.

ಅತ್ತೆ ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ತಮ್ಮದೇ ಕೆನ್ನೆ ಸವರಿದರು. "ಇದು ನೆಟ್ಟಗದೆ. ಇದನ್ನೇ ಆಕಿ," ಎಂದು ಮೆಲ್ಲಗೆ ಹೇಳಿದಾಗ ರತ್ನ ಅತ್ತುಬಿಟ್ಟಳು. ನಾನೂ ಬೆಡ್‌ಶೀಟಿನ ಒಳಗೇ ಕಣ್ಣೊರೆಸಿಕೊಂಡೆ.

ಮರುದಿನ ಸಂಜೆ ನಾನೂ ರತ್ನಳೂ ಸಂಜಯನಗರದ ಅದೇ ಸ್ಟುಡಿಯೋಗೆ ಹೋದೆವು, ದೊಡ್ಡದು ಮಾಡಿಸಲು. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಫೋಟೋ ತೆರೆದು, "ಯಾರ್ ತೆಗ್ದಿದ್ದು ಮೇಡಂ? ಲೈಟಿಂಗ್ ಸೂಪರ್ ಆಗಿದೆ!" ಎಂದರು. ನಾನು ಸುಮ್ಮನೆ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಆಮೇಲೆ ಅವರು ಮೂಲೆಯನ್ನು ಹಿಗ್ಗಿಸಿ ಹುಬ್ಬು ಗಂಟಿಕ್ಕಿದರು. "ಇಲ್ಲಿ ಹಿಂದೆ ಕಿಟಕೀಲಿ ಏನೋ ಬೆಳ್ಳಗೆ ಇದೆಯಲ್ಲ ಸಾರ್? ಮಧ್ಯ ಒಂದು ಕಣ್ಣು ಬೇರೆ ಕಾಣ್ತಾ ಇದೆ. ತೆಗೆದ್ಬಿಡ್ಲಾ?"

"ಇರಲಿ ಬಿಡಿ," ಎಂದೆ ನಾನು. ಏನೇ ಆದರೂ ಕುಟುಂಬದ ಫೋಟೋ!

ರತ್ನ ಅಮ್ಮನಿಗೇ ಫೋನ್ ಮಾಡಿ ಕೇಳಿದಳು. ಸ್ಪೀಕರಿನಲ್ಲಿ ಅತ್ತೆಯ ಗಾಬರಿಯ ದನಿ ಇಡೀ ಸ್ಟುಡಿಯೋಗೆ ಕೇಳಿಸಿತು. "ಏನಂದೆ? ಅಂಗಡಿಗೆ ಓಗಿರ್ನಿಲ್ವಾ? ಅಳಿಯಂದ್ರು ಅಲ್ಲೇ ಇದ್ರಾ! ಅಯ್ಯೋ ಶಿವನೇ, ಅವ್ರು ಇಂದ್ಗಡೆ ನಿಂತವ್ರೆ, ನಾನು ಸೋಫಾ ಮ್ಯಾಲೆ ಆಯಾಗಿ ಕುಂತಿವ್ನಿ! ಊರೋರು ನೋಡಿದ್ರೆ ಏನಂದಾರು? ತೆಗೆಸ್ಬುಡವ್ವ, ಮೊದ್ಲು ತೆಗೆಸ್ಬುಡು!"

ಸ್ಟುಡಿಯೋದವರು ನನ್ನ ಮುಖ ನೋಡಿದರು. ನಾನು ಒಪ್ಪಿಗೆಯಿಂದ ತಲೆಯಾಡಿಸಿದೆ. ಇಪ್ಪತ್ತೆರಡು ವರ್ಷ ಬೆಳಕಿನ ಪಾಠ ಹೇಳಿದ ನನ್ನನ್ನು, ನನ್ನ ಮೇಲಿನ ಅಪಾರ ಗೌರವದ ಕಾರಣದಿಂದಲೇ, ನನ್ನ ಕಣ್ಣೆದುರಿಗೇ ಆ ಫೋಟೋದಿಂದ ತೆಗೆದುಹಾಕಲಾಯಿತು. ಅವರಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.