ಕೋಡಗಲ್ಲಿನ ಅರ್ಥ ಹೇಳಲು ಹೋಗಿ

ಹಿರೇಕೆರೂರಿನ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಯಾವ ಪದವನ್ನೇ ಕೇಳಿ, ಅದರ ಹುಟ್ಟು, ಅರ್ಥ ಎರಡನ್ನೂ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ!

ಹೀಗಾಗಿ ಮಾಸೂರಿನ ಕಡೆಯ ಒಂದು ಹಳ್ಳಿಯ ಪಂಚಾಯಿತಿ ಅಧ್ಯಕ್ಷರು ಮನೆಗೆ ಬಂದದ್ದು ನನಗೆ ಅಚ್ಚರಿಯೆನಿಸಲಿಲ್ಲ.

"ಮಾಸ್ತರ್ರ, ನಮ್ಮ ಗುಡ್ಡದಾಗಿನ ಕೋಡಗಲ್ಲ ನೋಡಾಕ ಮಂದಿ ಬರಾಕತ್ತಾರ. ಆ ಹೆಸರು ಹೆಂಗ ಬಂತು ಅಂತ ಬೋರ್ಡ್ ಹಾಕಬೇಕು. ನಾಕ ಸಾಲು ಬರದ ಕೊಡ್ರಿ."

ಅವರು ಚಹಾ ಕುಡಿದು ಮುಗಿಸುವುದರೊಳಗೆ ಬರೆದುಕೊಟ್ಟೆ. ಕೋಡು ಎಂದರೆ ಕೊಂಬು. ಶಿಖರ ಎಂದೂ ಅರ್ಥವುಂಟು. ಕೊಂಬಿನಂತೆ ಚೂಪಾಗಿ ಎದ್ದುನಿಂತ ಬಂಡೆಯೇ ಕೋಡುಗಲ್ಲು. ಅದು ಜನರ ಬಾಯಲ್ಲಿ ಸವೆದು ಕೋಡಗಲ್ಲು ಆಯಿತು. ಮುಗಿಯಿತು!

"ಆ ಕಲ್ಲ ಒಮ್ಮೆರ ನೋಡೀರೇನು?" ಎಂದಳು ಹೆಂಡತಿ ಗಿರಿಜಾ.

"ಪದ ನೋಡಿದ್ರ ಸಾಕು. ಕಲ್ಲ ಯಾಕ ನೋಡಬೇಕು?"

ಆದರೂ ಬೋರ್ಡಿನ ಅನಾವರಣದ ದಿನ ಒಂದು ತಾಸು ಮೊದಲೇ ಒಬ್ಬನೇ ಹೋದೆ. ಭಾಷಣದ ನಡುವೆ ಕೈಚಾಚಿ ಕೋಡನ್ನು ತೋರಿಸಬೇಕೆಂಬ ಆಸೆ. ಗುಡ್ಡದ ಬುಡದಲ್ಲಿ ನಿಂತು ತಲೆಯೆತ್ತಿದೆ. ಎಲ್ಲ ಬಂಡೆಗಳೂ ದುಂಡಗೆ! ಯಾರೋ ಶೇಂಗಾ ಉಂಡೆ ಕಟ್ಟಿ ಒಂದರ ಮೇಲೊಂದು ಪೇರಿಸಿಟ್ಟಂತೆ ಇದ್ದವು.

ನೆರಳಿನಲ್ಲಿ ಆಡು ಮೇಯಿಸುತ್ತ ಕುಳಿತಿದ್ದ ಫಕೀರವ್ವ ಎಂಬ ಮುದುಕಿಯನ್ನು, ಕೋಡಗಲ್ಲಿನ ಕೋಡು ಎಲ್ಲಿ ಎಂದು ಕೇಳಿದೆ.

"ಕೋಡಗ ಅಂದ್ರ ಮಂಗ್ಯಾ ಅಲ್ಲೇನ್ರಿ?" ಎಂದಳು ಆಕೆ. "ಮ್ಯಾಲ ಮಂಗ್ಯಾ ಕುಂತಂಗ ಒಂದ ಕಲ್ಲ ಐತಿ. ನಮ್ಮವ್ವ ಹೇಳ್ತಿದ್ಲು."

ಕೋಡಗ ಎಂದರೆ ಕೋತಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನೇ! ಆದರೆ ಮೇಷ್ಟರು ಅಷ್ಟು ಸುಲಭವಾಗಿ ಸೋಲುವ ಜಾತಿಯಲ್ಲ.

"ಆ ಕಡೆ ಚೂಪಾಗಿರೂದು ಒಂದ ಇರಬೇಕು. ಹತ್ತಿ ನೋಡತೇನಿ."

"ಬ್ಯಾಡ್ರಿ ಯಪ್ಪಾ, ಚಪ್ಪಲಿ ಜಾರ್ತಾವು."

ಮೊದಲ ಬಂಡೆಯನ್ನು ನಡೆದು ಹತ್ತಿದೆ. ಎರಡನೆಯದನ್ನು ಮಂಡಿಯೂರಿ ಹತ್ತಿದೆ. ಮೂರನೆಯದನ್ನು ಹೊಟ್ಟೆಯ ಮೇಲೆ ತೆವಳಿ ಹತ್ತುವಾಗ ಎರಡೂ ಚಪ್ಪಲಿಗಳು ನನ್ನನ್ನು ಬಿಟ್ಟು ಕೆಳಗಿಳಿದವು. ಗುಡ್ಡದ ನೆತ್ತಿಯಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು ಕುಳಿತ ಕೋತಿಯಂಥ ಒಂದು ಕಲ್ಲಿತ್ತು. ಕೋಡು? ಸುತ್ತ ನಾಲ್ಕೂ ದಿಕ್ಕಿನಲ್ಲಿ ಎಲ್ಲೂ ಇರಲಿಲ್ಲ.

ಸತ್ಯ ತಿಳಿಯಿತು. ಇನ್ನು ಇಳಿಯಬೇಕು. ಕಾಲು ಚಾಚಿದರೆ ಕೆಳಗೆ ಏನೂ ಸಿಗುತ್ತಿಲ್ಲ! ನಾಲ್ಕು ಸಲ ಪ್ರಯತ್ನಿಸಿ, ಕೊನೆಗೆ ಮೊಣಕಾಲ ಮೇಲೆ ಕೈಯಿಟ್ಟು ಕುಳಿತುಬಿಟ್ಟೆ.

ಅಷ್ಟರಲ್ಲಿ ಹಾರ ಹಿಡಿದ ಅಧ್ಯಕ್ಷರು, ಊರವರು, ಅವರ ಹಿಂದೆ ಗಿರಿಜಾ ಬಂದರು. ಎಲ್ಲರೂ ತಲೆಯೆತ್ತಿದರು.

"ಮ್ಯಾಲ ಎರಡು ಕಾಣಾಕತ್ತಾವಲ್ಲ!" ಎಂದರು ಅಧ್ಯಕ್ಷರು. "ಇದರಾಗ ಕಲ್ಲ ಯಾವ್ದು?"

"ಅಂಗಿ ಹಾಕ್ಕೊಂಡಿದ್ದು ನಮ್ಮನೀದು," ಎಂದಳು ಗಿರಿಜಾ.

ಫಕೀರವ್ವ ಬರಿಗಾಲಲ್ಲಿ ಸರಸರ ಹತ್ತಿ ಬಂದಳು. "ಹೊಳ್ಳಿ ಕಲ್ಲಿನ ಕಡೆ ಮುಖ ಮಾಡ್ರಿ. ಕೂಸು ಮಂಚದಿಂದ ಇಳಿಯೂಹಂಗ ಇಳೀರಿ," ಎಂದು ನನ್ನ ಹಿಮ್ಮಡಿ ಹಿಡಿದು ಒಂದೊಂದೇ ಹೆಜ್ಜೆಯನ್ನು ಬಂಡೆಯ ಬಿರುಕಿನಲ್ಲಿ ಇಡಿಸಿದಳು. ಪ್ಯಾಂಟು ಪರ್ರೆಂದು ಹರಿಯಿತು. ಇಡೀ ಊರೇ ಹಿಂಬದಿಯಿಂದ ನೋಡುತ್ತಿತ್ತು.

ನೆಲ ಮುಟ್ಟಿದವನೇ ಬೋರ್ಡಿನ ಪರದೆ ಸರಿಸದಂತೆ ತಡೆದೆ. "ನಾ ಬರದಿದ್ದು ತಪ್ಪೈತ್ರಿ. ಫಕೀರವ್ವ ಹೇಳೂದ ಖರೆ. ಇದು ಕೋಡಗನ ಕಲ್ಲು." ಅಷ್ಟು ಹೇಳಲು ಬಂಡೆ ಹತ್ತಿದ್ದಕ್ಕಿಂತ ಹೆಚ್ಚು ಏದುಸಿರು ಬಂತು. ಹಾರವನ್ನು ಫಕೀರವ್ವನ ಕೊರಳಿಗೆ ಹಾಕಿಸಿದೆ. ಅದರ ಅರ್ಧವನ್ನು ಆಕೆಯ ಆಡು ತಿಂದಿತು.

ಬೋರ್ಡನ್ನು ಹೊಸದಾಗಿ ಬರೆಸಿದರು. ಆದರೆ ಅದನ್ನು ಓದುವವರು ಯಾರೂ ಇಲ್ಲ; ಅಷ್ಟರಲ್ಲಿ ಸುತ್ತಲಿನ ಊರುಗಳಲ್ಲಿ ಆ ಕಲ್ಲಿಗೆ ಬೇರೆ ಹೆಸರು ನಿಂತುಬಿಟ್ಟಿತ್ತು.

ಮೊನ್ನೆ ಗಿರಿಜಾಳ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಹಾನಗಲ್ಲಿನಿಂದ ಬಂದ ದಂಪತಿ ಹತ್ತಿರ ಬಂದರು.

"ಅಜ್ಜಾರ, ಮಾಸ್ತರಗಲ್ಲಿಗೆ ಯಾವ ಬಸ್ಸು? ಅಂದಂಗ, ಆ ಹೆಸರು ಹೆಂಗ ಬಂತ್ರಿ?"

ಜೀವನದಲ್ಲಿ ಮೊದಲ ಸಲ ಒಂದು ಪದದ ಬಗ್ಗೆ, "ನಂಗ ಗೊತ್ತಿಲ್ರಿ," ಎಂದೆ.

ಗಿರಿಜಾ ಸರಿದು ಜಾಗ ಮಾಡಿದಳು. "ಕುಂದರ್ರಿ, ನಾ ಹೇಳ್ತೇನಿ."

ಬಸ್ಸು ಬರಲು ಇನ್ನೂ ಅರ್ಧ ತಾಸಿತ್ತು.