ಮೂರು ತಿಂಗಳಿಂದ ಹೊರಡುತ್ತಲೇ ಇರುವವರ ಅರಿಕೆ

ಬಿಡಾರ: ವರ್ತಕ ನಗರ, ಠಾಣೆ
೧೮ ಏಪ್ರಿಲ್ ೨೦೧೩

ದೋಣಿ ದುರಸ್ತಿಯಲ್ಲಿ ಪಳಗಿದ ಕೈಯೆಂದು ಬೇಲಾಪುರ ಖಾಡಿಯ ದಂಡೆಯುದ್ದಕ್ಕೂ ಹೆಸರಾದ ಶ್ರೀ ಪುಂಡರೀಕಾಕ್ಷರ ಸನ್ನಿಧಿಗೆ,

ಮಾನ್ಯರೇ,

ಇತ್ತ ನಾವಿಬ್ಬರೂ ನೆಲದ ಮೇಲೆ ಕ್ಷೇಮ. ಅತ್ತ ನಮ್ಮ ದೋಣಿಯೂ ತಮ್ಮ ಕೃಪೆಯಿಂದ ನೆಲದ ಮೇಲೆಯೇ ಕ್ಷೇಮವಾಗಿದೆಯೆಂದು ನಂಬಿದ್ದೇವೆ. ಫೋನನ್ನು ತಾವು ಎತ್ತುವುದೇ ಅಪರೂಪವಾದ್ದರಿಂದ, ಎತ್ತಿದಾಗಲೂ "ಅಣ್ಣಾ, ಎರಡೇ ದಿನ, ಪಕ್ಕಾ!" ಎಂದು ಅಷ್ಟೊಂದು ಪ್ರೀತಿಯಿಂದ ಹೇಳುವುದರಿಂದ, ಬಯ್ಯಲು ಬಾಯಿ ಬಾರದೆ ನಮ್ಮ ಕನ್ನಡ ಸಂಘದ ಪತ್ರಿಕೆಯ ಮೂಲಕ ಈ ನಾಲ್ಕು ಸಾಲು ಬರೆಯುತ್ತಿದ್ದೇನೆ.

ಠಾಕುರ್ಲಿಯಲ್ಲಿ ಇಪ್ಪತ್ತೇಳು ವರ್ಷ ಹೋಟೆಲು ನಡೆಸಿ ಬಿಟ್ಟುಕೊಟ್ಟ ನಾನು, ಹಳೆಯದೊಂದು ಪ್ರವಾಸದ ದೋಣಿ ಕೊಂಡು, ಹೆಂಡತಿ ಜಲಜಾಕ್ಷಿಯನ್ನು ಕೂರಿಸಿಕೊಂಡು, ಕರಾವಳಿಗುಂಟ ಬಂದರಿನಿಂದ ಬಂದರಿಗೆ ಮಲ್ಪೆಯವರೆಗೆ ಹೋಗುವುದೆಂದು ನಿಶ್ಚಯಿಸಿದ್ದು ತಮಗೆ ಗೊತ್ತೇ ಇದೆ. ಎಂಜಿನ್ನು ಸ್ವಲ್ಪ ಕೆಮ್ಮುತ್ತಿತ್ತೆಂದು ದೀಪಾವಳಿ ಕಳೆದೊಡನೆ ತಮಗೊಪ್ಪಿಸಿದೆ. ತಾವು ಉಡುಪಿಯವರು, ನಾವೂ ಉಡುಪಿಯವರು. ಊರಿನವರ ಹತ್ತಿರ ಕಾಗದಪತ್ರ ಕೇಳುವುದು ಮರ್ಯಾದೆಯೇ? ಕೇಳಲಿಲ್ಲ.

ಜನವರಿಯಲ್ಲಿ ತಾವೇ ಫೋನು ಮಾಡಿ "ನಾಳೆ ನೀರಿಗೆ ಇಳಿಸ್ತೇವೆ" ಎಂದಿರಿ. ಹೊರಡುವ ಮುಹೂರ್ತ ಮಾತ್ರ ಅಂದೇ ಬೆಳಿಗ್ಗೆ ಒಂಬತ್ತಕ್ಕಿತ್ತು. ಮುಹೂರ್ತ ತಪ್ಪಬಾರದೆಂದು, ಹೊರಟ ಶಾಸ್ತ್ರ ಮಾಡಿ ಚೀಲವನ್ನು ಬೇರೆಯವರ ಮನೆಯಲ್ಲಿಡುವ ಪ್ರಸ್ಥಾನದ ಪದ್ಧತಿ ನಮ್ಮಲ್ಲಿದೆಯಲ್ಲ. ಒಂದು ರಾತ್ರಿಯ ಮಾತಲ್ಲವೇ ಎಂದು ನಾನು ಚೀಲದ ಜೊತೆಗೆ ಹೆಂಡತಿಯನ್ನೂ ಕರೆದುಕೊಂಡು ವರ್ತಕ ನಗರದ ಅವಳ ತಂಗಿ ಮುಕ್ತಾಳ ಮನೆಗೆ ಬಂದುಬಿಟ್ಟೆ. ಹೊರಟವರು ಪ್ರಯಾಣ ಮುಗಿಸದೆ ಮನೆಯ ಹೊಸಿಲು ತುಳಿಯಬಾರದೆಂಬುದು ಜಲಜಾಕ್ಷಿಯ ಖಂಡಿತ ಅಭಿಪ್ರಾಯ. ಹೀಗಾಗಿ ಲೋಕಲ್ ಹತ್ತಿದರೆ ಅರ್ಧ ಗಂಟೆಯಲ್ಲಿ ಸಿಗುವ ಸ್ವಂತ ಮನೆಗೆ ಬೀಗ ಹಾಕಿ, ಶಾಸ್ತ್ರೋಕ್ತವಾಗಿ ಸಮುದ್ರಯಾನದಲ್ಲಿರುವ ನಾವು ಮೂರು ತಿಂಗಳಿಂದ ನೆಂಟರ ಹಾಲ್‌ನಲ್ಲಿ ಮಲಗುತ್ತಿದ್ದೇವೆ. ಮೊದಲ ವಾರ ಮುಕ್ತಾ ಮೂಡೆ, ನೀರುದೋಸೆ, ಪಾಯಸ ಎಂದು ಉಪಚರಿಸಿದಳು. ಈಗ ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿ ಮುಂದಿಟ್ಟು, "ಭಾವ, ನಿಮ್ಮ ದೋಣಿ ಎಲ್ಲಿಯವರೆಗೆ ಬಂತು?" ಎಂದು ವಿಚಾರಿಸುತ್ತಾಳೆ.

ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಎಂಜಿನ್ನಿನ ಕೆಮ್ಮಿಗೆ ಮದ್ದು ಹುಡುಕುತ್ತ ತಾವು ಶಾಫ್ಟು ಡೊಂಕೆಂದು ಕಂಡುಹಿಡಿದಿರಿ, ಶಾಫ್ಟು ತೆಗೆಯಲು ಹಲಗೆ ಬಿಚ್ಚಿದಿರಿ, ಹಲಗೆ ಲಡ್ಡಾಗಿದೆಯೆಂದು ಅರ್ಧ ತಳವನ್ನೇ ಕಿತ್ತಿರಿ. ಬೆಟ್ಟ ಅಗೆದು ಇಲಿ ಹಿಡಿದವರ ಕಥೆ ಕೇಳಿದ್ದೆ. ಇಲಿಗಾಗಿ ಹೊರಟು ಬೆಟ್ಟವನ್ನೇ ಅಗೆದು ಪಕ್ಕಕ್ಕಿಟ್ಟವರನ್ನು ಈಗಲೇ ಕಂಡದ್ದು. ಕೊಚ್ಚಿಯಿಂದ ಬರಬೇಕಾದ ಸಾಮಾನು ಶಿಮ್ಗಾ ಹಬ್ಬಕ್ಕೆ ನಿಂತಿತು, ಬಡಗಿ ಗುಡಿ ಪಾಡ್ವಾಕ್ಕೆ ಊರಿಗೆ ಹೋದವನು ಅಲ್ಲೇ ಮದುವೆಯಾದನಂತೆ. ಅವನಿಗೆ ಶುಭವಾಗಲಿ. ಕ್ಯಾಬಿನ್ನಿನಲ್ಲಿ ಬೆಕ್ಕೊಂದು ಮರಿ ಹಾಕಿ, ಆ ಮರಿಗಳೂ ದೊಡ್ಡವಾಗಿ ಇಳಿದುಹೋದವು.

ಒಂದು ಮಾತನ್ನು ಮಾತ್ರ ನೇರವಾಗಿ ಹೇಳಿಬಿಡುತ್ತೇನೆ. ಜೂನ್ ಐದಕ್ಕೆ ಜಲಜಾಕ್ಷಿಯ ಮೊಣಕಾಲಿನ ಆಪರೇಷನ್ನು. ಆಮೇಲೆ ದೋಣಿಯ ಏಣಿ ಹತ್ತುವ ಆಸೆ ಬಿಡಿ ಎಂದಿದ್ದಾರೆ ಡಾಕ್ಟರು. ಮೇ ಮುಗಿದರೆ ಮಳೆ, ಕಡಲೂ ಬಂದ್. ಇಪ್ಪತ್ತೇಳು ವರ್ಷ ನಮ್ಮ ಇಡ್ಲಿ ಹಿಟ್ಟು ಹುಳಿ ಬರುವ ಹೊತ್ತಿಗೆ ಎದ್ದವಳು ಅವಳು. ಒಂದು ರಜೆ ಕೇಳಿದಾಗಲೆಲ್ಲ ಬರುವ ವರ್ಷ, ಬರುವ ವರ್ಷ ಎಂದವನು ನಾನು. ತಡೆಯಲಾರದೆ ಒಮ್ಮೆ ತಮ್ಮ ಮೇಲೆ ನಾನು ಕೂಗಾಡಿ ಫೋನಿಟ್ಟ ದಿನ, "ಅವರದ್ದು ಐದು ತಿಂಗಳಾಯ್ತು, ನಿಮ್ಮದೆಷ್ಟಾಯ್ತು?" ಎಂದಳು. ಅಂದಿನಿಂದ ನನ್ನ ಸಿಟ್ಟು ತಮ್ಮ ಮೇಲಷ್ಟೇ ಅಲ್ಲ.

ಆದ್ದರಿಂದ ದೋಣಿಯನ್ನು ನೀರಿಗಿಳಿಸುವಂಥ ಅಲ್ಪ ಕೆಲಸವನ್ನು ತಮ್ಮಂಥ ದೊಡ್ಡವರಿಂದ ಬೇಡುವುದಿಲ್ಲ. ಖಾಡಿಯ ಭರತಿಯ ಉಬ್ಬರವನ್ನು ತಮ್ಮ ಶೆಡ್ಡಿನವರೆಗೆ ಕರೆಸಿಕೊಳ್ಳಿ. ಬಾರದಿದ್ದರೆ ಅದಕ್ಕೂ ಎರಡು ದಿನದ ವಾಯಿದೆ ಕೊಡಿ. ಅದೂ ಆಗದಿದ್ದರೆ ಮಲ್ಪೆಯನ್ನೇ ಬೇಲಾಪುರಕ್ಕೆ ತರಿಸಿ, ಉಡುಪಿಯವರ ಮಾತಿಗೆ ಉಡುಪಿಯವರು ಇಲ್ಲವೆನ್ನಲಾರರು.

ತಮ್ಮ ಎರಡು ದಿನಗಳು ದೀರ್ಘಾಯುಷಿಗಳಾಗಲಿ ಎಂದು ಹಾರೈಸುವ, ಇನ್ನೂ ದಂಡೆಯಲ್ಲೇ ಇರುವ

ತಮ್ಮ ವಿಶ್ವಾಸಿ,
ವಸಂತಕುಮಾರ

ತಾ.ಕ.: ಇದನ್ನು ಜಲಜಾಕ್ಷಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, ಇಷ್ಟೆಲ್ಲ ಬಹುವಚನ ಯಾರಿಗೆ ಎಂದಳು. ಸೋಮವಾರ ಬೆಳಿಗ್ಗೆ ಹಾಸಿಗೆ, ಸ್ಟೌ ಹಿಡಿದು ತಮ್ಮ ಶೆಡ್ಡಿಗೇ ಬರುತ್ತಾಳೆ, ದೋಣಿ ನೀರು ಮುಟ್ಟುವವರೆಗೆ ಅಲ್ಲೇ ಇರುತ್ತಾಳೆ. ನನ್ನದು ಬರವಣಿಗೆಯ ಕನ್ನಡ, ತಾವು ಮಡಚಿ ಜೇಬಿಗಿಡಬಹುದು. ಅವಳು ಮಾತಾಡುವುದು ತುಳುವಿನಲ್ಲಿ.